ಮತದಾರರ ಪಟ್ಟಿ

1951–52ರ ಪ್ರಥಮ ಮಹಾಚುನಾವಣೆಯ ಪಟ್ಟಿಯಲ್ಲಿ, ಸ್ವಂತ ಹೆಸರು ಹೇಳಲೊಪ್ಪದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಯಿಸಿದ ಸುಮಾರು 28 ಲಕ್ಷ ಸ್ತ್ರೀಯರು ಮತದ ಹಕ್ಕನ್ನು ಕಳೆದುಕೊಂಡರು. ಇಂದು ಹೆಸರು ಹೇಳಿದವರದೂ ಉಳಿಯುವ ಭರವಸೆಯಿಲ್ಲ. ಊರು ಬಿಟ್ಟನೆಂದು ಒಬ್ಬನ ಹೆಸರನ್ನು ತೆಗೆಯುವ ಮುನ್ನ ಅವನ ಅಹವಾಲನ್ನು ಕೇಳತಕ್ಕದ್ದೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 22ನೆಯ ಪ್ರಕರಣವು ವಿಧಿಸಿದೆ. ಬೀಗ ಹಾಕಿದ ಬಾಗಿಲಿಗೆ ನೋಟೀಸು ಅಂಟಿಸಿ ಹಿಂದಿರುಗಿದರೆ ಅಹವಾಲು ಕೇಳಿದಂತಾಯಿತೆಂದು ನಾವು ಒಪ್ಪಲಾರೆವು. ನಾಮಪತ್ರ ಸಲ್ಲಿಕೆಯ ಕಡೆಯ ದಿನ ಕಳೆದ ಮೇಲಂತೂ ಆ ಚುನಾವಣೆಗೆ ಹೆಸರು ಸೇರಿಸುವಂತೆಯೇ ಇಲ್ಲ. ಮತಗಟ್ಟೆಯಲ್ಲಿ ಮಾಡುವ ಜಗಳವೆಲ್ಲ ವ್ಯರ್ಥ. ತೆಗೆಯಲುದ್ದೇಶಿಸಿದ ಹೆಸರುಗಳನ್ನು ತಹಶೀಲ್ದಾರರು ಬೀದಿಬೀದಿಯಲ್ಲಿ ಡಂಗುರ ಸಾರಿಸಿ ಓದಿಸಲಿ. ಪದ್ಧತಿ ಹಳೆಯದು, ನಿಜ. ಆದರೆ ನೆರೆಮನೆಯವರ ಕಿವಿಗಾದರೂ ಬಿದ್ದೀತು.