ಅಂಗಿಗೆ ಬೆಲೆ ಕಟ್ಟುವವರು ಕೂಲಿಗೂ ಹೊಣೆ

ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಕನ್ನಡ ಬಂಧುಗಳೇ,

ಯಲಹಂಕದಿಂದ ಹೊರಟ ರೈಲು ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರ ಸೇರುತ್ತದೆ. ಈ ದಾರಿಗುಂಟ ಗಾರ್ಮೆಂಟ್ಸ್ ಬೆಳೆದಿವೆ. ಮಷಿನ್ ಅದೇ, ಹೊಲಿಗೆ ಅದೇ, ಅಂಗಿಯ ಮೇಲಿನ ಲೇಬಲ್ಲೂ ಹೊರದೇಶದ್ದೇ. ಗಡಿ ದಾಟಿ ಆಂಧ್ರಕ್ಕೆ ಬಂದರೆ ಕನಿಷ್ಠ ಕೂಲಿಯ ಆದೇಶ ಮಾತ್ರ ಬೇರೆ, ಏಕೆಂದರೆ ಅದನ್ನು ಹೊರಡಿಸುವುದು ಆಯಾ ರಾಜ್ಯ. ಯುರೋಪಿನ ಬೈಯರ್ ಢಾಕಾವನ್ನೂ ಬೆಂಗಳೂರನ್ನೂ ತೂಗಿ ನೋಡುತ್ತಾನೆ. ಬೆಂಗಳೂರಿನ ರಫ್ತುದಾರ ನಗರದ ಕೂಲಿಯನ್ನೂ ನಮ್ಮ ಕೂಲಿಯನ್ನೂ ತೂಗುತ್ತಾನೆ. ಮಳೆ ಕೈಕೊಟ್ಟ ಶೇಂಗಾ ಹೊಲ ಬಿಟ್ಟು ಬಂದ ಹೆಂಗಸರು ಕೊಟ್ಟಷ್ಟಕ್ಕೆ ಒಪ್ಪುತ್ತಾರೆ ಎಂಬುದೂ ಆ ತೂಕದಲ್ಲಿ ಸೇರಿದೆ. ಕೂಲಿ ಕಡಿಮೆಯಿದ್ದ ಕಡೆ ಕೆಲಸ ಕೊಡುವುದೇ ಪಾಪವೆಂದು ನಾವು ಹೇಳುವುದಿಲ್ಲ. ಒಂದು ಪೀಸಿಗೆ ಇಷ್ಟೇ ಎಂದು ಬೆಲೆ ಕಟ್ಟುವವರು ಆ ಬೆಲೆಯೊಳಗಿನ ಕೂಲಿಗೂ ಹೊಣೆ ಎನ್ನುತ್ತೇವೆ.

ಎಷ್ಟು ಕೂಲಿ ನ್ಯಾಯ? ಅಳತೆ ಆಗಲೇ ಇದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ವಯಸ್ಕರೊಬ್ಬರಿಗೆ ದಿನಕ್ಕೆ 2700 ಕ್ಯಾಲೊರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಜೊತೆಗೆ ಸೌದೆ-ದೀಪದಂಥ ಖರ್ಚಿಗೆ ಶೇ. 20 ಸೇರಿಸಿ ಲೆಕ್ಕ ಹಾಕಿತು. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪಿನ ಕಾಲಕ್ಕೆಂದು ಇನ್ನೂ ಶೇ. 25 ಸೇರಿಸಿತು. ಹಬ್ಬದ ಖರ್ಚೂ ಕನಿಷ್ಠ ಕೂಲಿಯ ಪಾಲೇ ಎಂದು ನ್ಯಾಯಾಲಯ ಹೇಳಿದೆ ಎಂಬುದು ಲೈನಿನಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತು? ‘ಯಾರೂ ಬಲವಂತ ಮಾಡಿಲ್ಲ, ಒಪ್ಪಿಯೇ ಬಂದಿದ್ದಾರೆ’ ಎನ್ನುವವರಿಗೆ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1982ರ ತೀರ್ಪು ಉತ್ತರ ಕೊಟ್ಟಿದೆ: ಹಸಿವಿಗೆ ಸೋತು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ, ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸಿದೆ. ಹಳ್ಳಿಯಲ್ಲಿ ಖರ್ಚು ಕಡಿಮೆ ಎಂಬ ಮಾತು ಬಾಡಿಗೆಯ ಮಟ್ಟಿಗೆ ನಿಜ. ಗ್ಯಾಸ್ ಸಿಲಿಂಡರಿಗಾಗಲಿ ಎಣ್ಣೆಗಾಗಲಿ ಹಳ್ಳಿಯೆಂದು ಯಾರೂ ರಿಯಾಯಿತಿ ಕೊಡುವುದಿಲ್ಲ.

ಕೂಲಿ ಏರಿದರೆ ಆರ್ಡರ್ ಬೇರೆ ದೇಶಕ್ಕೆ ಹೋದೀತು ಎಂಬ ಭಯ ಸುಳ್ಳಲ್ಲ, ಇರುವ ಕೆಲಸವೂ ಹೋದರೆ ಮತ್ತೆ ಗುಳೆಯೇ ಗತಿ. ಆದರೆ ಬಾಂಗ್ಲಾದೇಶವನ್ನು ನೋಡಿ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಮುಂದಿನ ತಿಂಗಳೇ ಹಲವು ವಿದೇಶಿ ಬ್ರ್ಯಾಂಡ್‌ಗಳು ಕಟ್ಟಡ ಸುರಕ್ಷತೆಗಾಗಿ ಕಾನೂನುಬದ್ಧ ಒಪ್ಪಂದಕ್ಕೆ ಸಹಿ ಹಾಕಿದವು. ವರ್ಷ ಮುಗಿಯುವುದರೊಳಗೆ ಅಲ್ಲಿನ ಗಾರ್ಮೆಂಟ್ಸ್ ಕನಿಷ್ಠ ಕೂಲಿ ತಿಂಗಳಿಗೆ 3,000 ಟಾಕಾದಿಂದ 5,300ಕ್ಕೆ ಏರಿತು. ಬೈಯರ್‌ಗಳು ಗಂಟುಮೂಟೆ ಕಟ್ಟಲಿಲ್ಲ, ಮುಂದಿನ ವರ್ಷಗಳಲ್ಲಿ ರಫ್ತು ಹೆಚ್ಚೇ ಆಯಿತು. ಅಂಗಡಿಯಲ್ಲಿ ಅಂಗಿ ಮಾರುವ ಬೆಲೆಯಲ್ಲಿ ಹೊಲಿದವರ ಕೂಲಿಯ ಪಾಲು ತೀರ ಸಣ್ಣದು. ಅದು ತುಸು ಏರಿದ ಮಾತ್ರಕ್ಕೆ ಅಂಗಿ ಮೂಲೆ ಸೇರುವುದಿಲ್ಲ.

ಕೂಲಿ ಕಾರ್ಖಾನೆಯ ವಿಷಯ, ನಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುವುದು ಬೈಯರ್‌ಗಳ ಹಳೆಯ ನೆಪ. ಕರ್ನಾಟಕದಲ್ಲಿ ನಡೆದದ್ದು ಇದಕ್ಕೆ ತಿರುಗೇಟು. 2020ರ ಏಪ್ರಿಲಿನಿಂದ ಸಿಗಬೇಕಿದ್ದ ತಿಂಗಳ 417 ರೂಪಾಯಿ ತುಟ್ಟಿಭತ್ಯೆಯನ್ನು ಸರ್ಕಾರ ಮುಂದೂಡಿತು. ಬಾಕಿ ಸಮೇತ ಕೊಡಬೇಕೆಂದು ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಹೇಳಿದರೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಯೂನಿಯನ್ನುಗಳು ಪಟ್ಟು ಬಿಡದೆ, ಸುದ್ದಿ ವಿದೇಶಿ ಪತ್ರಿಕೆಗಳಿಗೆ ಹೋಗಿ, ಬೈಯರ್‌ಗಳ ಒತ್ತಡ ಬಿದ್ದ ಮೇಲೆಯೇ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದ್ದು. ನ್ಯಾಯಾಲಯದ ಮಾತಿಗೂ ಜಗ್ಗದವರನ್ನು ಜಗ್ಗಿಸುವ ಕೈಗೆ ಸಂಬಂಧವಿಲ್ಲವೆಂದರೆ ಹೇಗೆ?

ಆದ್ದರಿಂದ ನಾವು ಕೇಳುವುದು ಇಷ್ಟು. ಬೈಯರ್‌ಗಳ ಒಪ್ಪಂದದಲ್ಲಿ ಕೂಲಿಯ ಬಾಬ್ತು ಪ್ರತ್ಯೇಕವಾಗಿರಲಿ, ಬೆಲೆ ಚೌಕಾಸಿ ಅದನ್ನು ಮುಟ್ಟದಿರಲಿ. ಯಾವ ಬ್ರ್ಯಾಂಡಿಗೆ ಹೊಲಿಯುತ್ತಿದ್ದೇವೆ, ಜಾರಿಯಲ್ಲಿರುವ ಕನಿಷ್ಠ ಕೂಲಿ ಎಷ್ಟು ಎಂಬುದನ್ನು ಪ್ರತಿ ಕಾರ್ಖಾನೆಯ ಗೇಟಿನಲ್ಲಿ ತೆಲುಗು, ಕನ್ನಡ ಎರಡರಲ್ಲೂ ಬರೆದು ಹಾಕಲಿ. ಮತ ಕೇಳಲು ಬಂದವರನ್ನು, ಆಂಧ್ರದ ಗಾರ್ಮೆಂಟ್ಸ್ ಕೂಲಿಯನ್ನು 1957ರ ಅಳತೆಯಂತೆ ಯಾವಾಗ ಪರಿಷ್ಕರಿಸುತ್ತೀರಿ ಎಂದು ಕೇಳಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ.