ಕುರಿತೋದುವುದು

ಕ್ರಮವಾಗಿ ಓದು ಕಲಿಯದವರೂ ಕನ್ನಡ ನಾಡಿನಲ್ಲಿ ಕವಿತೆ ಕಟ್ಟಬಲ್ಲರೆಂದು ‘ಕವಿರಾಜಮಾರ್ಗ’ವು ಹೊಗಳಿದೆ. ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಗ್ರಂಥದ ಮಾತನ್ನು ನಾವು ಸಭೆ ಸಮಾರಂಭಗಳಲ್ಲಿ ಹೆಮ್ಮೆಯಿಂದ ನೆನೆಯುತ್ತೇವೆ. ನೆನೆಯುವುದು ಸರಿಯೇ. ಆದರೆ ಬರವಣಿಗೆಯು ಹುಟ್ಟಿನಿಂದ ಬರುವ ವರ, ಕಲಿತು ಬರುವಂಥದಲ್ಲ ಎಂಬ ಅರ್ಥವನ್ನು ಅದರಿಂದ ಹೊರಡಿಸುವವರಿದ್ದಾರೆ. ಇದು ಒಪ್ಪತಕ್ಕ ಮಾತಲ್ಲ. ಆ ಹೊಗಳಿಕೆಯನ್ನು ಹೇಳಿದ ಗ್ರಂಥವೇ ಕವಿಗಳಾಗಬಯಸುವವರಿಗೆ ಬರೆದ ಕೈಪಿಡಿ. ದೋಷಗಳಾವುವು, ಗುಣಗಳಾವುವು, ಅಲಂಕಾರಗಳು ಎಷ್ಟು ಬಗೆ ಎಂಬುದನ್ನು ಅದು ಉದಾಹರಣೆಗಳೊಡನೆ ತಿಳಿಸುತ್ತದೆ. ಅದಕ್ಕಾಗಿ ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಆಧರಿಸಿದೆ. ಹುಟ್ಟುಗುಣವೊಂದೇ ಸಾಕೆಂದು ನಂಬಿದ್ದರೆ ಅದರ ಕರ್ತೃ ಇಷ್ಟು ಶ್ರಮಪಡುತ್ತಿದ್ದನೇ?

ಕುರಿತೋದುವುದೆಂದರೆ ಒಂದು ಉದ್ದೇಶವನ್ನು ಮನಸ್ಸಿನಲ್ಲಿಟ್ಟು, ನಿಂತು ನಿಂತು ಓದುವುದು. ಕಥೆಯ ಕೊನೆಯನ್ನು ತಿಳಿಯುವ ಆತುರದಿಂದ ಓದುವುದು ಒಂದು ಬಗೆ. ಆ ಸುಖವನ್ನು ನಾನು ಹಳಿಯುವುದಿಲ್ಲ, ಇಂದಿಗೂ ಬಿಟ್ಟಿಲ್ಲ. ಲೇಖಕನು ಈ ಮಾತನ್ನು ಮೊದಲೇ ಏಕೆ ಹೇಳಿದ, ಆ ಮಾತನ್ನು ಏಕೆ ತಡೆದಿಟ್ಟ, ಈ ವಾಕ್ಯ ಇಲ್ಲಿಗೇ ಏಕೆ ನಿಂತಿತು ಎಂದು ಕೇಳುತ್ತ ಓದುವುದು ಬೇರೊಂದು ಬಗೆ. ಹೀಗೆ ಓದಿದರೆ ಗಂಟೆಗೆ ಎರಡು ಪುಟ ಸಾಗುವುದೂ ಕಷ್ಟ.

ಹೀಗೆ ಓದಿ ಬರೆಯಲು ಕಲಿತವರಲ್ಲಿ ನನಗೆ ಮೊದಲು ನೆನಪಾಗುವವನು ದೂರದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1706ರಲ್ಲಿ ಬಾಸ್ಟನ್ ನಗರದಲ್ಲಿ, ಮೇಣದಬತ್ತಿ ಮತ್ತು ಸಾಬೂನು ಮಾಡುವವನ ಮನೆಯಲ್ಲಿ ಹುಟ್ಟಿದ ಅವನು ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟ. ಹನ್ನೆರಡಕ್ಕೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದ. ಅವನ ಬರಹದಲ್ಲಿ ಸೊಗಸೂ ಕ್ರಮವೂ ಸಾಲವೆಂದು ತಂದೆ ಎತ್ತಿ ತೋರಿಸಿದ. ಅದೇ ಸುಮಾರಿಗೆ ಹುಡುಗನಿಗೆ ‘ಸ್ಪೆಕ್ಟೇಟರ್’ ಪತ್ರಿಕೆಯ ಬಿಡಿ ಸಂಪುಟವೊಂದು ಸಿಕ್ಕಿತು. ಅಡಿಸನ್ ಮತ್ತು ಸ್ಟೀಲ್ ಎಂಬ ಲೇಖಕರು 1711ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ್ದ ಪತ್ರಿಕೆ ಅದು. ಫ್ರಾಂಕ್ಲಿನ್ ಅದರ ಒಂದೊಂದು ಪ್ರಬಂಧವನ್ನು ತೆಗೆದುಕೊಂಡು, ವಾಕ್ಯವಾಕ್ಯದ ಭಾವವನ್ನು ಚುಟುಕಾಗಿ ಗುರುತು ಹಾಕಿಕೊಂಡ. ಕೆಲವು ದಿನ ಅದನ್ನು ಬದಿಗಿಟ್ಟು, ಅನಂತರ ಪುಸ್ತಕವನ್ನು ನೋಡದೆ, ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಕಟ್ಟಿದ. ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಿಕೊಂಡ. ತನ್ನಲ್ಲಿ ಶಬ್ದಸಂಪತ್ತು ಕಡಿಮೆಯೆಂದು ತಿಳಿದಾಗ ಗದ್ಯದ ಕಥೆಗಳನ್ನು ಪದ್ಯ ಮಾಡಿ, ಮೂಲ ಮರೆತ ಮೇಲೆ ಪದ್ಯವನ್ನು ಮತ್ತೆ ಗದ್ಯ ಮಾಡಿದ. ಕೆಲವೊಮ್ಮೆ ಗುರುತುಗಳನ್ನು ಬೇಕೆಂದೇ ಕಲಸಿಟ್ಟು, ವಾರಗಳು ಕಳೆದ ಮೇಲೆ ಸರಿಯಾದ ಕ್ರಮಕ್ಕೆ ತರಲು ಯತ್ನಿಸಿದ. ಇದಕ್ಕೆಲ್ಲ ಸಿಕ್ಕ ಹೊತ್ತೆಂದರೆ ಕೆಲಸ ಮುಗಿದ ರಾತ್ರಿ, ಕೆಲಸಕ್ಕೆ ಮುಂಚಿನ ಬೆಳಗು ಮತ್ತು ಭಾನುವಾರ.

ಇದು ಅನುಕರಣೆಯಲ್ಲವೇ, ಸ್ವಂತಿಕೆ ಎಲ್ಲಿ ಉಳಿಯಿತು ಎಂದು ನೀವು ಕೇಳಬಹುದು. ಸಂಗೀತ ಕಲಿಯುವವನು ತಿಂಗಳುಗಟ್ಟಲೆ ಸರಳೆ, ಜಂಟಿ ವರಸೆಗಳನ್ನು ಹಾಡುತ್ತಾನೆ. ಅದನ್ನು ಯಾರೂ ಅನುಕರಣೆಯೆಂದು ಜರೆಯುವುದಿಲ್ಲ. ಅಲ್ಲದೆ, ಕೆಲವು ಸಣ್ಣ ಅಂಶಗಳಲ್ಲಿ ತನ್ನ ಬರಹ ಮೂಲಕ್ಕಿಂತ ಮೇಲಾಯಿತೆಂದು ಅನ್ನಿಸಿದ ಸಂತೋಷವನ್ನೂ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಸ್ವಂತಿಕೆಗೆ ನಿಜವಾದ ಕುತ್ತು ಬರುವುದು ಸಿದ್ಧ ಪ್ರಬಂಧಗಳ ಮಾರ್ಗದರ್ಶಿಗಳಿಂದ. ಅವುಗಳಿಂದ ‘ನನ್ನ ಊರಿನ ಜಾತ್ರೆ’ಯನ್ನು ಉರುಹೊಡೆದು ಬರೆದ ಹುಡುಗನಿಗೆ ಅಂಕ ದೊರೆಯಬಹುದು, ಆದರೆ ಅದರಲ್ಲಿ ಬರುವ ಜಾತ್ರೆ ಅವನ ಊರಿನದಲ್ಲ.

ನನ್ನದೊಂದು ಅಭ್ಯಾಸವುಂಟು. ದಿನದಲ್ಲಿ ಕಂಡ ಒಂದು ಕೆಲಸವನ್ನು ನಾಲ್ಕೈದು ವಾಕ್ಯಗಳಲ್ಲಿ ಬರೆದಿಡುವುದು. ನೀವೂ ಎತ್ತಿನ ಗಾಡಿ ಹೂಡುವುದನ್ನು ನೋಡಿ ಬರೆಯಿರಿ. ಎರಡನೆಯ ವಾಕ್ಯದಲ್ಲಿಯೇ ಲೇಖನಿ ನಿಂತೀತು. ನೊಗ ಗೊತ್ತು, ಮೂಕಿ ಯಾವುದು, ಅಚ್ಚು ಯಾವುದು, ಕಡೆಗೀಲು ಎಲ್ಲಿರುತ್ತದೆ? ನಿಘಂಟಿಗಿಂತ ಮೊದಲು ಗಾಡಿಯವನನ್ನೇ ಕೇಳಿರಿ. ಕುರಿತೋದದ ಜನರೆಂದು ‘ಕವಿರಾಜಮಾರ್ಗ’ವು ಮೆಚ್ಚಿದ್ದು ಇಂಥವರನ್ನೇ ಎಂದು ನನಗನ್ನಿಸುತ್ತದೆ. ಆ ಮಾತುಗಳನ್ನು ಕೇಳಿ ಬಂದು ಆ ವಾಕ್ಯಗಳನ್ನು ಮತ್ತೆ ಬರೆದಾಗ ಗಾಡಿ ಹೊರಡುತ್ತದೆ.

ಫ್ರಾಂಕ್ಲಿನ್ನನ ಅಭ್ಯಾಸ ಅವನನ್ನು ಎಲ್ಲಿಗೆ ಕೊಂಡೊಯ್ಯಿತೆಂಬುದು 1722ರಲ್ಲಿ ತಿಳಿಯಿತು. ಆಗ ಅವನಿಗೆ ಹದಿನಾರು ವರ್ಷ. ಹುಡುಗನ ಬರಹವನ್ನು ಅಣ್ಣ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಲಾರನೆಂದು ಊಹಿಸಿ, ಅಕ್ಷರದ ಗುರುತು ಸಿಗದಂತೆ ಬರೆದು, ರಾತ್ರಿ ಮುದ್ರಣಾಲಯದ ಬಾಗಿಲ ಕೆಳಗೆ ತೂರಿಸಿದ. ಬೆಳಗ್ಗೆ ಅಣ್ಣನೂ ಅವನ ಗೆಳೆಯರೂ ಅದನ್ನು ಓದಿ ಮೆಚ್ಚಿ, ಬರೆದವರು ಯಾರಿರಬಹುದೆಂದು ಚರ್ಚಿಸಿದರು. ಹುಡುಗನಿಗೆ ಕೇಳಿಸುವಂತೆಯೇ ಅವರು ಒಬ್ಬೊಬ್ಬರ ಹೆಸರನ್ನು ಊಹಿಸಿದರು. ಆ ಹೆಸರುಗಳೆಲ್ಲ ಊರಿನ ವಿದ್ವಾಂಸರವು.