ಸಗಣಿ ಕಲಸುವ ಕೈ ಯಾರದು?

ಈ ಸಲ ಚೌತಿಗೆ ಸಿದ್ದಾಪುರದ ತವರಿಗೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಅಣ್ಣ, ‘ಹಳೇ ಗೋಬರ್ ಗ್ಯಾಸ್ ರಿಪೇರಿ ಮಾಡಿಸಿ ಮತ್ತೆ ಶುರು ಮಾಡೋಣ ಅಂತಿದೀನಿ’ ಅಂದ. ನನಗೋ ಖುಷಿ! ‘ಮಾಡು ಮಾರಾಯ, ಸಿಲಿಂಡರ್ ಖರ್ಚು ಉಳಿಯತ್ತೆ, ತೋಟಕ್ಕೆ ಗೊಬ್ಬರವೂ ಆಗತ್ತೆ’ ಅಂತ ಉಪದೇಶ ಕೊಟ್ಟೆ. ಒಳಗಿಂದ ಅತ್ತಿಗೆಯ ದನಿ ಬಂತು: ‘ಸಗಣಿ ಕಲಸೋಕೆ ನೀನು ಇಲ್ಲೇ ಉಳೀತೀಯಾ?’

ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆ ಬೆಂಗಳೂರಿನವರೆಗೂ ನನ್ನ ಜೊತೆ ಬಸ್ಸಿನಲ್ಲಿ ಬಂತು.

ಗೋಬರ್ ಗ್ಯಾಸ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ನಾನು ಚಿಕ್ಕವಳಿದ್ದಾಗ ಸೌದೆ ಒಲೆಯ ಹೊಗೆಯಿಂದ ಅಮ್ಮನಿಗೆ ಬಿಡುಗಡೆ ಸಿಕ್ಕಿದ್ದೇ ಅದರಿಂದ. ಗಾಳಿಯಾಡದ ತೊಟ್ಟಿಯಲ್ಲಿ ಸಗಣಿ ಕೊಳೆತಾಗ ಉರಿಯುವ ಮೀಥೇನ್ ಅನಿಲ ಹುಟ್ಟುತ್ತದೆ. ಬೆರಣಿ ತಟ್ಟಿ ಸುಟ್ಟರೆ ಗೊಬ್ಬರದ ಸಾರಜನಕ ಹೊಗೆಯ ಜೊತೆ ಹೋಗಿಬಿಡುತ್ತದೆ. ಇಲ್ಲಿ ಹಾಗಲ್ಲ, ಒಲೆಯೂ ಉರಿಯುತ್ತದೆ, ಹೊರಬರುವ ಬಗ್ಗಡದಲ್ಲಿ ಗೊಬ್ಬರದ ಸತ್ವವೂ ಉಳಿಯುತ್ತದೆ. ತರಗೆಲೆ, ಅಡಿಕೆ ಸೋಗೆ, ಹಳೇ ಹುಲ್ಲನ್ನು ಮಾತ್ರ ತೊಟ್ಟಿಗೆ ಹಾಕಬಾರದು, ಮೇಲೆ ತೇಲಿ ಗಟ್ಟಿ ಪದರ ಕಟ್ಟುತ್ತವೆ. ಅವನ್ನು ಕತ್ತರಿಸಿ ಗುಂಡಿಯಲ್ಲಿ ಹರಡಿ, ಮೇಲೆ ಬಗ್ಗಡ ಸುರಿಯುತ್ತ ಹೋದರೆ ಕೆಲವೇ ತಿಂಗಳಲ್ಲಿ ಒಳ್ಳೆಯ ಕಾಂಪೋಸ್ಟ್.

ಸರಿ, ಲೆಕ್ಕ ನೋಡೋಣ. ನಾಲ್ಕೈದು ಜನರ ಅಡುಗೆಗೆ 2 ಘನಮೀಟರ್ ಘಟಕ ಬೇಕು. ಅದಕ್ಕೆ ದಿನಾ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು. ಅಂದರೆ ದಿನಕ್ಕೆ 100 ಕಿಲೋ! ಹೊರುವುದು, ಕಸಕಡ್ಡಿ ಆರಿಸುವುದು, ಗಂಟಿಲ್ಲದಂತೆ ಕಲಸುವುದು. ಹಬ್ಬ, ಜ್ವರ, ನೆಂಟರು ಅಂತ ರಜೆ ಇಲ್ಲ. ಅಮ್ಮ ವರ್ಷಗಟ್ಟಲೆ ಇದನ್ನು ಮಾಡಿದಳು. ಸೊಂಟ ಸೋತಿತು, ದನ ಐದಿದ್ದದ್ದು ಎರಡಾಯಿತು, ಘಟಕ ನಿಂತಿತು. ‘ನಿರ್ವಹಣೆ ಇಲ್ಲದೆ ಹಾಳಾಯ್ತು’ ಅಂತ ಎಲ್ಲರೂ ಅಂದರು. ಅಮ್ಮನ ಸೊಂಟದ ಸುದ್ದಿ ಯಾರೂ ಎತ್ತಲಿಲ್ಲ.

‘ಮನೆ ಕೆಲಸಕ್ಕೂ ಲೆಕ್ಕ ಇಡಬೇಕಾ?’ ಅಂತ ಕೇಳುವವರಿದ್ದಾರೆ. ಇಡಬೇಕು! ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು 1987ರಲ್ಲಿ ಊರಿನ ಸಗಣಿಯಿಂದಲೇ ಗ್ಯಾಸ್ ಮಾಡಿ, ಎಂಜಿನ್ ಓಡಿಸಿ, ಮನೆಗಳಿಗೆ ನೀರು, ಬೆಳಕು ಒದಗಿಸಿದ್ದರು. ಅಲ್ಲಿ ಬಗ್ಗಡವನ್ನು ಸಗಣಿ ಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು. ಜೊತೆಗೆ ಸಗಣಿ ಹೊತ್ತು ತಂದವರಿಗೆ ಕಿಲೋಗೆ 2 ಪೈಸೆ ಕೂಲಿ. ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಎರಡೇ ಪೈಸೆ ಇರಬಹುದು, ಆದರೆ ಆ ಕೆಲಸಕ್ಕೆ ಬೆಲೆಯಿದೆ ಅಂತ ಒಪ್ಪಿಕೊಂಡಂತಾಯಿತಲ್ಲ!

ನಾವು ಪೇಟೆಯವರು ಊರಿಗೆ ಹೋದಾಗ ಸಾವಯವ, ಸ್ವಾವಲಂಬನೆ ಅಂತ ಸಲಹೆ ಕೊಟ್ಟು, ತರಕಾರಿ ಕಟ್ಟಿಸಿಕೊಂಡು ಬರುತ್ತೇವೆ. ನಿಮ್ಮ ತವರಲ್ಲೋ ಅತ್ತೆಮನೆಯಲ್ಲೋ ಈ ಮಾತು ಬಂದರೆ, ಹೊಗಳುವ ಮೊದಲು ಇಷ್ಟು ಕೇಳಿ:

* ದನ ಎಷ್ಟಿವೆ? ಒಂದು ದನಕ್ಕೆ ದಿನಕ್ಕೆ ಸುಮಾರು 10 ಕಿಲೋ ಸಗಣಿ ಅಂತ ಹಿಡಿಯಿರಿ. ಮಲೆನಾಡು ಗಿಡ್ಡಕ್ಕೆ ಇನ್ನೂ ಕಡಿಮೆ. ಎರಡೇ ದನ ಇದ್ದರೆ 1 ಘನಮೀಟರ್ ಘಟಕ ಸಾಕು. ಪೂರ್ತಿ ಅಡುಗೆ ಆಗದು, ಸಿಲಿಂಡರ್ ಹೆಚ್ಚು ದಿನ ಬರುತ್ತದೆ.
* ಘಟಕ ಕೊಟ್ಟಿಗೆಯ ಪಕ್ಕದಲ್ಲೇ ಇದೆಯೇ? ನೀರಿನ ನಲ್ಲಿ ಅಲ್ಲೇ ಇದೆಯೇ? ಕಲಸಲು ಹಿಡಿಕೆಯ ಯಂತ್ರ ಕೂರಿಸುತ್ತಾರೆಯೇ?
* ಬಗ್ಗಡ ತಾನಾಗಿ ಹರಿದು ಗೊಬ್ಬರಗುಂಡಿ ಸೇರುವಂತಿದೆಯೇ, ಇಲ್ಲಾ ಮತ್ತೆ ಹೊರಬೇಕೇ?
* ಕೊಟ್ಟಿಗೆ ತೊಳೆದ ಫಿನಾಯಿಲ್, ಸೋಪಿನ ನೀರು ತೊಟ್ಟಿಗೆ ಹೋಗದಂತೆ ವ್ಯವಸ್ಥೆ ಇದೆಯೇ? ಹೋದರೆ ಗ್ಯಾಸ್ ಹುಟ್ಟಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ.
* ಎಲ್ಲಕ್ಕಿಂತ ಮುಖ್ಯ, ಯಾವ ದಿನ ಯಾರ ಪಾಳಿ?

ಕಳೆದ ವಾರ ಅಣ್ಣನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಆಯ್ತು, ಬೆಳಗಿನ ಕಲಸೋ ಕೆಲಸ ನಂದು’ ಅಂದ. ಪಕ್ಕದಲ್ಲೇ ಇದ್ದ ಅತ್ತಿಗೆ ಅಂದಿದ್ದೂ ಕೇಳಿಸಿತು: ‘ಮೊದಲು ಒಂದು ತಿಂಗಳು ಮಾಡಿ ತೋರಿಸಲಿ, ಆಮೇಲೆ ಮೇಸ್ತ್ರಿಗೆ ಹೇಳೋಣ!’